ಕಿಟಕಿ ಗಾಜಿನ ಸಾಕ್ಷಿ

ನಮ್ಮ ಆಫೀಸಿನ ಸೂಪರಿಂಟೆಂಡೆಂಟರ ಮೇಲೆ ಮನೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಒಂದೇ ಆರೋಪ: ಗೊರಕೆ. ಹೊರಿಸಿದವರು ಸಾಕ್ಷಾತ್ ಧರ್ಮಪತ್ನಿ. ಇವರೋ ದಾಖಲೆ ವಿಭಾಗದವರು, ಸಾಕ್ಷಿಯಿಲ್ಲದೆ ಏನನ್ನೂ ಒಪ್ಪುವವರಲ್ಲ. ಆಕೆ ಒಮ್ಮೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿದಾಗಲೂ, "ಇದು ನಂದೇ ಅಂತ ಏನು ಗ್ಯಾರಂಟಿ? ಪಕ್ಕದ ಮನೆಯವರದ್ದಿರಬಹುದು" ಎಂದು ಕಡತ ಮುಚ್ಚಿದ್ದರು. (ಪಕ್ಕದ ಮನೆ ಆಗ ಖಾಲಿ ಇತ್ತು.)

ಹೀಗಿರುವಾಗ ಮಗಳು ಕಾಲೇಜಿನ ಭೌತಶಾಸ್ತ್ರದ ಪ್ರಾಜೆಕ್ಟ್ ಹಿಡಿದು ಬಂದಳು. ಕೋಣೆಯೊಳಗೆ ಮಾತಾಡಿದರೆ ಕಿಟಕಿಯ ಗಾಜು ಕಣ್ಣಿಗೆ ಕಾಣದಷ್ಟು ನಡುಗುತ್ತದಂತೆ. ಗಾಜಿಗೆ ಕನ್ನಡಿ ಚೂರು ಅಂಟಿಸಿ ಅಂಗಳದಿಂದ ಲೇಸರ್ ಬಿಟ್ಟರೆ, ತಿರುಗಿ ಬಂದ ಬೆಳಕಿನಲ್ಲಿ ಆ ನಡುಕವೂ ಇರುತ್ತದಂತೆ. ಅದನ್ನು ಹಿಡಿದು ಸ್ಪೀಕರಿಗೆ ಕೊಟ್ಟರೆ ಒಳಗಿನ ಮಾತು ಹೊರಗೆ ಕೇಳಿಸುತ್ತದಂತೆ.

"ಬೆಳಕಿಗೆಲ್ಲಿ ಕಿವಿ ಇದೆಯೇ ಪುಟ್ಟಿ?" ಎಂದು ನಕ್ಕರು.

"ನೀನು ಬಾಗಿಲು ಹಾಕ್ಕೊಂಡು ಜೋರಾಗಿ ಪೇಪರ್ ಓದು ಅಪ್ಪಾ, ಅಷ್ಟೇ. ನಾಳೆ ಒಪ್ಪಿಸ್ಬೇಕು. ನನ್ನ ಮಾರ್ಕ್ಸ್ ಎಲ್ಲಾ ನಿನ್ನ ಗಂಟಲಲ್ಲಿದೆ."

ಮಗಳೆಂದರೆ ಅವರಿಗೆ ಪ್ರಾಣ. ಭಾನುವಾರದ ಊಟ ಮುಗಿಸಿ ಒಳಗೆ ಕೂತು, ಘನಗಂಭೀರ ಕಂಠದಲ್ಲಿ ಸಂಪಾದಕೀಯ ಆರಂಭಿಸಿದರು. ಹೊಟ್ಟೆ ತುಂಬಿತ್ತು, ಕುರ್ಚಿ ಮೆತ್ತಗಿತ್ತು, ಸಂಪಾದಕೀಯವೂ ಸಂಪಾದಕೀಯದಂತೆಯೇ ಇತ್ತು.

ಕಣ್ಣು ಬಿಟ್ಟಾಗ ಎದುರಿಗೆ ಮಗಳು ಕುಣಿಯುತ್ತಿದ್ದಳು. "ಸೂಪರ್ ಅಪ್ಪಾ! ನೀನು ಓದಿದ್ದು ಒಂದಕ್ಷರ ಸರಿಯಾಗಿ ಬರ್ಲಿಲ್ಲ. ಆಮೇಲೆ ಶುರುವಾಯ್ತು ನೋಡು, ಗಾಜೆಲ್ಲಾ ಗಡಗಡ! ಇಲ್ಲೊಂದು ಸಹಿ ಹಾಕು."

ಪುಸ್ತಕದಲ್ಲಿ ಬೆಟ್ಟದ ಸಾಲಿನಂಥ ಗ್ರಾಫ್. ಅದರ ಕೆಳಗೆ: 'ಧ್ವನಿಯ ಮೂಲ: ತಂದೆಯವರ ಗೊರಕೆ. ಪ್ರಯೋಗ ನನ್ನ ಸಮ್ಮುಖದಲ್ಲಿ ನಡೆದಿದೆ. ಪೋಷಕರ ಸಹಿ.'

ಸೂಪರಿಂಟೆಂಡೆಂಟರು ಪುಸ್ತಕವನ್ನು ಹಿಂದಕ್ಕೆ ತಳ್ಳಿದರು. ಬಾಗಿಲಲ್ಲಿ ಹೆಂಡತಿ ಸೆರಗಿನಲ್ಲಿ ಕೈ ಒರೆಸುತ್ತ ನಿಂತಿದ್ದರು.

"ನಾನು ನಿದ್ದೆ ಮಾಡ್ತಿದ್ದೆ, ಸಮ್ಮುಖ ಹೇಗಾಗುತ್ತೆ? ನಿಮ್ಮಮ್ಮ ಹಾಕಲಿ."

"ಅಮ್ಮ ಕೋಣೇಲಿ ಇರ್ಲಿಲ್ವಲ್ಲ. ಸಹಿ ಇಲ್ಲಾಂದ್ರೆ ಪ್ರಾಜೆಕ್ಟೇ ತಗೊಳ್ಳಲ್ಲ ಅಪ್ಪಾ."

"ಹಾಗಾದ್ರೆ 'ಮಿಕ್ಸಿ ಸದ್ದು' ಅಂತ ಬರಿ."

"ಸುಳ್ಳು ದಾಖಲೆನಾ ಅಪ್ಪಾ?"

ಆ ಮಾತು ನಾಟಿತು. ಪೆನ್ನು ತೆಗೆದರು. ಸಹಿಯಷ್ಟೇ ಹಾಕಿ ಸುಮ್ಮನಿದ್ದಿದ್ದರೆ ಬಚಾವಾಗುತ್ತಿದ್ದರೇನೋ. ಆದರೆ ಇಪ್ಪತ್ತೈದು ವರ್ಷಗಳ ಸೇವೆ, ಕೈ ಕೇಳಬೇಕಲ್ಲ! ತಾರೀಖು ಹಾಕಿ, ದುಂಡಗಿನ ಅಕ್ಷರದಲ್ಲಿ, 'ಖುದ್ದಾಗಿ ಪರಿಶೀಲಿಸಿದ್ದೇನೆ. ಸತ್ಯವೆಂದು ದೃಢೀಕರಿಸಿದ್ದೇನೆ' ಎಂದೂ ಬರೆದುಬಿಟ್ಟರು.

ಹೆಂಡತಿ ಮೆಲ್ಲಗೆ ಒಳಗೆ ಬಂದು, ಇವರು ಏಳುವ ಮೊದಲೇ ಮಾಡಿಸಿಟ್ಟಿದ್ದ ಆ ಪುಟದ ಎರಡು ಜೆರಾಕ್ಸ್ ಪ್ರತಿ ಮುಂದೆ ಹಿಡಿದರು.

"ರೀ, ಇದಕ್ಕೂ ಹಾಗೇ ಬರ್ದುಕೊಡಿ. ಒಂದು ಅತ್ತೆಗೆ, ಒಂದು ನಿಮ್ಮ ತಂಗಿಗೆ."