ಇಪ್ಪತ್ತೆಂಟನೆಯ ಸಾಲಿನವಳ ಅಹವಾಲು

ಆವನಿ,
ಆಗಸ್ಟ್ 1988

ನಮ್ಮ ರೇಷ್ಮೆ ಬೆಳೆಗಾರರ ಸಂಘದಲ್ಲಿ, ಚಪ್ಪಲಿ ಹೊರಗೆ ಬಿಟ್ಟವರಿಗೆ ಮಾತ್ರ ದರ್ಶನ ಕೊಡುವ ಕಂಪ್ಯೂಟರ್ ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ಸದಸ್ಯೆ ನಂಬರ್ ಇಪ್ಪತ್ತೆಂಟು, ವೆಂಕಟರತ್ನಮ್ಮ ಮಾಡುವ ಅನಂತ ನಮಸ್ಕಾರಗಳು. ನಾನು ಕ್ಷೇಮವಾಗಿದ್ದೇನೆ, ತಮ್ಮ ಪಟ್ಟಿಯ ಪ್ರಕಾರ ಮಾತ್ರ ತೀರಿಕೊಂಡಿದ್ದೇನೆ.

ಹೋದ ತಿಂಗಳು ತೀರಿಕೊಂಡ ಇಬ್ಬರ ಹೆಸರು ತೆಗೆಯುವ ಕೆಲಸ ತಮಗೆ ಬಂತು: ಹದಿನಾಲ್ಕನೆಯ ಸಾಲಿನ ಚಿಕ್ಕಗಂಗಮ್ಮ, ಇಪ್ಪತ್ತೇಳನೆಯ ಸಾಲಿನ ಕೋದಂಡರಾಮಪ್ಪ. ತಮ್ಮ ಸೇವೆಗಿರುವ ಗುಮಾಸ್ತ ಮುನಿರಾಮಪ್ಪನವರು ಹದಿನೈದು ದಿನ ಕಲಿತು ಬಂದ ಕಂಪ್ಯೂಟರ್ ಭಾಷೆಯಲ್ಲಿ ಸ್ಕ್ರಿಪ್ಟ್ ಎಂಬ ಚಿಕ್ಕದೊಂದು ಆದೇಶಪತ್ರ ಬರೆದು, ಮೊದಲು ಹದಿನಾಲ್ಕನ್ನು ಅಳಿಸಿ, ಆಮೇಲೆ ಇಪ್ಪತ್ತೇಳನ್ನು ಅಳಿಸಿ ಎಂದು ಅಪ್ಪಣೆ ಕೊಟ್ಟರು. ಹದಿನಾಲ್ಕು ಹೋದ ಕೂಡಲೇ ಕೆಳಗಿನವರೆಲ್ಲ ಒಂದೊಂದು ಸಾಲು ಮೇಲೆ ಸರಿದೆವು. ಕೋದಂಡರಾಮಪ್ಪನವರು ಇಪ್ಪತ್ತಾರಕ್ಕೆ ಏರಿ ಬಚಾವಾದರು, ಇಪ್ಪತ್ತೇಳಕ್ಕೆ ಬಂದ ನಾನು ತಮ್ಮ ಕೈಗೆ ಸಿಕ್ಕಿದೆ. ಒಂದೇ ಏಟಿಗೆ ಸತ್ತವರನ್ನು ಬದುಕಿಸಿ ಬದುಕಿದ್ದವಳನ್ನು ಸಾಗಹಾಕಿದ ತಮ್ಮ ಸಾಮರ್ಥ್ಯವನ್ನು ಎಷ್ಟು ಹೊಗಳಿದರೂ ಸಾಲದು.

ಹೀಗಾಗಿ ಬುಧವಾರ ರೇಷ್ಮೆ ಮೊಟ್ಟೆ ಹಂಚಿದಾಗ ನನಗೆ ಒಂದೂ ಇಲ್ಲ, ಕೋದಂಡರಾಮಪ್ಪನವರಿಗೆ ನೂರು. ತೋಟದಲ್ಲಿ ನನ್ನ ಹಿಪ್ಪುನೇರಳೆ ಸೊಪ್ಪು ಹದಕ್ಕೆ ಬಂದಿದೆ. ಇನ್ನೊಂದು ವಾರ ತಡೆದರೆ ಬಲಿತು ಯಾವ ಹುಳುವೂ ಮೂಸುವುದಿಲ್ಲ. ಮೂರು ತಿಂಗಳು ನೀರು ಹಾಯಿಸಿದವಳು ನಾನು. ಕೋದಂಡರಾಮಪ್ಪನವರ ಹೆಂಡತಿ ಅಕ್ಕಯಮ್ಮ ಆ ಮೊಟ್ಟೆಗಳನ್ನು ನನಗೇ ಕೊಡಿಸಲು ಹೋದರೆ, ಯಜಮಾನರೇ ಬಂದು ರುಜು ಹಾಕಬೇಕಂತೆ. ಆದ್ದರಿಂದ ದಯಮಾಡಿ ಕೋದಂಡರಾಮಪ್ಪನವರನ್ನು ಒಂದು ಮಧ್ಯಾಹ್ನದ ಮಟ್ಟಿಗಾದರೂ ಕಳಿಸಿಕೊಡಿ. ಹುಳುಮನೆಯ ಬೀಗದ ಕೈ ಎಲ್ಲಿಟ್ಟರೆಂದು ಅಕ್ಕಯಮ್ಮನೂ ಕೇಳಬೇಕಾಗಿದೆ. ಅದು ಕಷ್ಟವಾದರೆ ನನ್ನನ್ನಾದರೂ ಸೋಮವಾರದೊಳಗೆ ಬದುಕಿಸಿ.

ಅಕ್ಕಯಮ್ಮನಿಗೆ ಓದು ಬರಹ ಬಾರದು. ಸೀಮೆಎಣ್ಣೆಗೆ ಡಬ್ಬ ಸಾಲಿಟ್ಟು ಮಾತ್ರ ಗೊತ್ತು. ನಡೆದದ್ದನ್ನು ಕೇಳಿ ಆಕೆ ಮುನಿರಾಮಪ್ಪನವರಿಗೆ ಹೇಳಿದ್ದು ಇಷ್ಟೇ: "ಮುಂದಲ ಡಬ್ಬ ಎತ್ತಿದ್ರೆ ಹಿಂದಿನವು ಜರುಗಲ್ವೇನಪ್ಪಾ? ಹಿಂದಿಂದು ಮೊದ್ಲು ಎತ್ತು, ಆಮೇಲೆ ಮುಂದಿಂದು." ಮುನಿರಾಮಪ್ಪನವರು ಅದನ್ನು ಬರೆದುಕೊಂಡಿದ್ದಾರೆ.

ಪಟ್ಟಿಯ ಹೊರಗೆ ಉಸಿರಾಡುತ್ತಿರುವ
ತಮ್ಮ ವಿಶ್ವಾಸಿ,
ವೆಂಕಟರತ್ನಮ್ಮ

ಮರೆತ ಮಾತು: ಇನ್ನು ಮೇಲೆ ಕೊನೆಯಿಂದ ಅಳಿಸುತ್ತಾ ಬರುವುದಾದರೆ, ಕೊನೆಯ ಸಾಲಿನಲ್ಲಿ ಕಾರ್ಯದರ್ಶಿಗಳ ಭಾವಮೈದುನರಿದ್ದಾರೆ. ಪ್ರತಿ ಸಲವೂ ಅವರಿಗೆ ಇನ್ನೂರು ಮೊಟ್ಟೆ; ಅವರ ಮನೆಯಲ್ಲಿ ಒಂದು ಹಿಪ್ಪುನೇರಳೆ ಗಿಡವೂ ಇಲ್ಲ. ಅಲ್ಲಿಂದಲೇ ಶುರು ಮಾಡಬಹುದು.