ಮಾವ ಯಾರ ಕಡೆ?

ನನ್ನ ಸೋದರಮಾವ ಒಂದು ಭಾನುವಾರ ಮಧ್ಯಾಹ್ನ ನಮ್ಮ ನಡುಮನೆಯಲ್ಲೇ ಕೂತು ನನ್ನ ಅಪ್ಪನನ್ನು ಹುಲಿಯ ಬಾಯಿಗೆ ಕೊಟ್ಟ. ಕೊಟ್ಟು, ಅದೇ ಅಪ್ಪನ ಕೈಯಿಂದ ಮಂಡಕ್ಕಿ ತಟ್ಟೆ ಈಸಿಕೊಂಡು ತಿಂದ. ಇಂಥವನನ್ನು ವಾರವಾರವೂ ಮನೆಗೆ ಕರೆಯುತ್ತಿದ್ದ ನೀವೆಂಥ ಜನ ಎಂದು ಕೇಳಿದರೆ, ಮುಂದಿನದನ್ನೂ ಕೇಳಿ ಎನ್ನುತ್ತೇನೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾವಿದ್ದದ್ದು ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ, ಅಪ್ಪನದು ಬಟ್ಟೆ ಅಂಗಡಿ. ಅವ್ವನ ಅಣ್ಣನಾದ ಈ ಮಾವ ಹರಿಹರದಲ್ಲಿದ್ದ, ಗುತ್ತೂರಿನ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸ. ಅಲ್ಲಿಗೆ ತರಬೇತಿಗೆ ಬಂದಿದ್ದ ಹುಡುಗರು ತಮ್ಮ ಕೋಣೆಯಲ್ಲಿ ಒಂದು ಆಟ ಆಡುತ್ತಿದ್ದರಂತೆ. ಒಬ್ಬ ಕಥೆ ಹೇಳುತ್ತಾನೆ. ಉಳಿದವರು ಆ ಕಥೆಯೊಳಗಿನ ಒಬ್ಬೊಬ್ಬರಾಗಿ ‘ನಾನು ಬಾಗಿಲು ಒಡೀತೀನಿ’, ‘ನಾನು ಓಡಿಹೋಗ್ತೀನಿ’ ಎನ್ನುತ್ತಾರೆ. ಅದು ಆಗುತ್ತದೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಮಾವ ಮೊದಲು ಬಾಗಿಲಲ್ಲಿ ನಿಂತು ನೋಡಿದ, ಆಮೇಲೆ ಒಳಗೆ ಹೋಗಿ ಕೂತ, ಕೊನೆಗೊಂದು ಭಾನುವಾರ ಇಡೀ ರಾಜ್ಯವೊಂದನ್ನು ತಲೆಯಲ್ಲಿಟ್ಟುಕೊಂಡು ಬಸ್ಸು ಹತ್ತಿ ನಮ್ಮ ಮನೆಗೆ ಬಂದ. ನಮ್ಮಲ್ಲಿ ದಾಳವಿರಲಿಲ್ಲ, ಚೌಕಾಬಾರದ ನಾಲ್ಕು ಕವಡೆ ಇದ್ದವು. ಅಂಗಾತ ಬಿದ್ದವು ಹೆಚ್ಚಾದಷ್ಟೂ ಒಳ್ಳೆಯದು ಎಂದು ಮಾವ ಕಾನೂನು ಮಾಡಿದ.

ಊಟವಾದ ಮೇಲೆ ಕಿಟಕಿಯ ಪರದೆ ಎಳೆದು, ಕಣ್ಣು ಅರೆಮುಚ್ಚಿ ಶುರು ಮಾಡುತ್ತಿದ್ದ. “ಹೊಳೆ ಮ್ಯಾಲೆ ಮಂಜು ಐತೆ. ಆಚೆ ದಡ ಕಾಣವಲ್ದು. ಯಾರೋ ಹಾಡ್ತಿದಾರೆ.” ಹೊರಗೆ ರಸ್ತೆ ಕಾದ ಹೆಂಚಾಗಿರುತ್ತಿತ್ತು, ಒಳಗೆ ನಮ್ಮ ಮೊಣಕಾಲಿನವರೆಗೂ ಮಂಜು. ಆ ಹೊಳೆ ತುಂಗಭದ್ರೆಯೇ, ಆದರೆ ನಿದ್ದೆಯಲ್ಲಿ ಕಂಡ ತುಂಗಭದ್ರೆ. ದಡದ ಊರುಗಳು ಒಂದು ವಾರ ಇದ್ದಲ್ಲಿ ಮುಂದಿನ ವಾರ ಇರುತ್ತಿರಲಿಲ್ಲ. ಮೀನುಗಳು ನಮ್ಮ ಹೆಸರು ಹಿಡಿದು ಕರೆಯುತ್ತಿದ್ದವು. ಅವ್ವ ಒಲೆಯ ಮೇಲಿಟ್ಟ ಹಾಲನ್ನು ಮರೆತು, ಮೀನಿಗೆ ‘ಓ’ ಎನ್ನುತ್ತಿದ್ದಳು.

ಅಂಥ ಮಂಜಿನಲ್ಲೇ ಅಪ್ಪನಿಗೆ ಹುಲಿ ಎದುರಾದದ್ದು.

“ಹುಲಿ ಜೊತೆ ಚೌಕಾಸಿ ಮಾಡ್ತೀನಿ” ಎಂದ ಅಪ್ಪ. ಬಟ್ಟೆ ವ್ಯಾಪಾರದವನಿಗೆ ಇನ್ನೇನು ತೋಚೀತು?

“ಮಾಡ್ರಿ. ಆದ್ರೆ ಅದು ಹಸಿದೈತೆ. ನಾಲ್ಕೂ ಅಂಗಾತ ಬೀಳಬೇಕು.”

ಒಂದೇ ಅಂಗಾತ ಬಿತ್ತು.

“ಕೈ ಜಾರ್ತು ಭಾವ. ಇನ್ನೊಂದ್ಸಲ ಹಾಕ್ತೀನಿ.”

“ಬಿದ್ದದ್ದು ಬಿದ್ದೈತೆ. ನೀವು ತೀರ್ಕೊಂಡ್ರಿ.”

“ಸ್ವಂತ ತಂಗಿ ಗಂಡ ರೀ ನಾನು.”

“ಹುಲಿಗೆ ಅದು ಗೊತ್ತಿರ್ಲಿಲ್ಲ” ಎಂದು ಮಾವ ಮಂಡಕ್ಕಿಗೆ ಕೈ ಚಾಚಿದ.

ಆ ವಾರವೆಲ್ಲ ಅಪ್ಪ ಅಂಗಡಿಗೆ ಬಂದವರಿಗೆ ತಾನು ಸತ್ತ ಬಗೆಯನ್ನು ವಿವರಿಸಿ, ಇದು ಅನ್ಯಾಯ ಹೌದೋ ಅಲ್ಲವೋ ಎಂದು ಕೇಳುತ್ತಿದ್ದ. ಸೀರೆ ಕೊಳ್ಳಲು ಬಂದವರು ಹೌದೆನ್ನದೆ ಏನು ಮಾಡಿಯಾರು?

ಮಾವ ತನಗೂ ರಿಯಾಯಿತಿ ಕೊಟ್ಟುಕೊಂಡವನಲ್ಲ. ಅವನ ಕಥೆಯಲ್ಲೊಬ್ಬ ಕಳ್ಳರ ನಾಯಕನಿದ್ದ. ಮಾವನಿಗೆ ಅವನ ಮೇಲೆ ಎಂಥ ಪ್ರೀತಿ! ಅವನ ಮೀಸೆ, ಅವನು ಸಾಕಿದ ನವಿಲು, ಅವನು ಬೆಳದಿಂಗಳಲ್ಲಿ ಅಳುವ ರೀತಿ, ಎಲ್ಲವನ್ನೂ ವಾರಗಟ್ಟಲೆ ಕಟ್ಟಿದ್ದ. ಕಾಲೇಜು ಹುಡುಗಿ ನಾನು, ಸುಮ್ಮನೆ ಅವನತ್ತ ಕವಣೆ ಬೀಸುತ್ತೇನೆಂದೆ. ನಾಲ್ಕೂ ಅಂಗಾತ. ಮಾವ ಕವಡೆಗಳನ್ನು ನೋಡಿದ, ಎದ್ದು ಹೋಗಿ ನೀರು ಕುಡಿದು ಬಂದ, “ಸತ್ತ” ಎಂದ. ಕಾಪಾಡುವ ದಾರಿ ನೂರಿದ್ದವು. ಕಥೆ ಅವನದೇ ಅಲ್ಲವೇ? ನವಿಲನ್ನು ಮಾತ್ರ ನನಗೆ ಕೊಟ್ಟ.

ಇನ್ನು ಚಿಕ್ಕಮ್ಮನ ಮಾತು. ಅವ್ವನ ತಂಗಿ, ನಮ್ಮ ಮನೆಯಲ್ಲೇ ಇದ್ದಳು. ಚಿಕ್ಕಂದಿನ ಜ್ವರವೊಂದು ಅವಳ ಹೃದಯದ ಕವಾಟ ಕೆಡಿಸಿತ್ತು. ಹಾಗಾಗಿ, ಮಾವನ ಆಟ ಬಿಟ್ಟರೆ, ಅವಳ ಮುಂದೆ ಯಾರೂ ಸಾಯುವಂತಿರಲಿಲ್ಲ. ಟೀವಿ ಧಾರಾವಾಹಿಯಲ್ಲಿ ಯಾರಾದರೂ ಕೆಮ್ಮಿದರೆ ಅವ್ವ ಚಾನೆಲ್ ಬದಲಿಸುತ್ತಿದ್ದಳು. ಕೇರಂನಲ್ಲಿ ರೆಡ್ ಯಾವಾಗಲೂ ಅವಳಿಗೇ. ಆಪರೇಷನ್ ಆಗಬೇಕು ಎಂದು ಡಾಕ್ಟರು ಹೇಳಿ ವರ್ಷವಾಗುತ್ತ ಬಂದಿದ್ದರೂ ಅಪ್ಪ, ಅವ್ವ ಅವಳಿಗೆ ತಿಳಿಸಿರಲಿಲ್ಲ. ಮಾವನ ಬಾಯಿಯನ್ನೂ ಆಣೆ ಹಾಕಿ ಮುಚ್ಚಿಸಿದ್ದರು. ಕೇಳಿದರೆ ಸುಳ್ಳು ಹೇಳಲಾರೆ ಎಂದು ಅವನು ಮೊದಲೇ ಅಂದಿದ್ದ. ಅವಳು ಕೇಳಿರಲಿಲ್ಲ.

ಆಟದಲ್ಲಿ ಚಿಕ್ಕಮ್ಮ ದೋಣಿ ನಡೆಸುವವಳು. ಒಂದು ಭಾನುವಾರ ಅವಳ ದೋಣಿ ಸುಳಿಯ ಹತ್ತಿರ ಬಂತು.

“ಸುಳಿ ದೊಡ್ಡದೈತೆ. ವಾಪಸ್ ಹೋಗ್ತೀಯೋ, ದಾಟ್ತೀಯೋ?”

ಅವ್ವ ಕಣ್ಣಲ್ಲೇ ಬ್ಯಾಡ ಎಂದಳು. ಅಪ್ಪ ಕೆಮ್ಮಿದ. ಮಾವ ಇಬ್ಬರನ್ನೂ ನೋಡಲಿಲ್ಲ.

“ದಾಟ್ತೀನಿ” ಎಂದಳು ಚಿಕ್ಕಮ್ಮ. ಕವಡೆ ಎಲ್ಲವೂ ಬೋರಲು ಬಿದ್ದವು.

“ಮುಳುಗಿದಿ” ಎಂದ ಮಾವ.

ಅವ್ವ ಮಾತ್ರೆ ತರಲು ಓಡಿದಳು. ಚಿಕ್ಕಮ್ಮ ಬೋರಲು ಬಿದ್ದ ಕವಡೆಗಳನ್ನು ಒಟ್ಟುಮಾಡಿದಳು. ಆಮೇಲೆ ಕೇಳಿದಳು: “ನೀರು ಹೆಂಗಿತ್ತಣ್ಣ?”

“ತಣ್ಣಗಿತ್ತು. ಕೆಳಗಿಂದ ನೋಡಿದ್ರೆ ಬಿಸ್ಲು ಹಸ್ರಾಗಿ ಕಾಣ್ತಿತ್ತು.”

ಚಿಕ್ಕಮ್ಮ ನಕ್ಕಳು. ಅಪ್ಪ ನಗಲಿಲ್ಲ. “ಇನ್ಮೇಲೆ ಈ ಮನ್ಯಾಗೆ ಕಾಲಿಡಬ್ಯಾಡ್ರಿ” ಎಂದು ಬಾಗಿಲು ತೋರಿಸಿದ.

ಮರುದಿನ ಮಧ್ಯಾಹ್ನ ಚಿಕ್ಕಮ್ಮ ಮನೆಯಲ್ಲಿರಲಿಲ್ಲ. ಓಣಿಯೆಲ್ಲ ಹುಡುಕಿದೆವು. ಒಬ್ಬಳೇ ಅಂಗಡಿಗೂ ಹೋಗದವಳು ಬಸ್ಸು ಹತ್ತಿ ಹರಿಹರಕ್ಕೆ ಹೋಗಿದ್ದಳು. ಸಂಜೆ ಮಾವನೊಂದಿಗೆ ಬಂದಳು. ಮಾವ ಗೇಟಿನ ಹೊರಗೇ ನಿಂತ. ಅಪ್ಪ ಸಿಟ್ಟಿನಲ್ಲಿ ಆಡಿದ ಮಾತೂ ಅವನಿಗೆ ಕಾನೂನೇ.

“ಅಣ್ಣನ್ನ ಕೇಳ್ದೆ, ಹೇಳ್ದ” ಎಂದಳು ಚಿಕ್ಕಮ್ಮ. “ಮಾಡಿಸಿದ್ರೆ ಉಳೀಬಹುದು, ಉಳೀದೇನೂ ಇರಬಹುದು. ಬಿಟ್ರೆ ಹಿಂಗೇ ಸೋಲ್ತಾ ಹೋಗ್ತೀನಿ. ನಾನು ಮಾಡಿಸ್ಕೊಂತೀನಿ.”

ಅಪ್ಪ ಗೇಟಿನತ್ತ ನೋಡಿದ. “ಬೇರೆ ಏನಾದ್ರೂ ಹೇಳಾಕೆ ಬರ್ತಿರ್ಲಿಲ್ವಾ ನಿಮಗೆ?”

“ಅವಳ ಜೀವ ಅಲ್ವೇನ್ರಿ?” ಎಂದ ಮಾವ, ಮೆಲ್ಲಗೆ.

ದೂರದ ಊರಿನ ದೊಡ್ಡಾಸ್ಪತ್ರೆ. ಸ್ಟ್ರೆಚರಿನ ಸುತ್ತ ನಿಂತು ಎಲ್ಲರೂ “ಏನೂ ಆಗಂಗಿಲ್ಲ” ಎನ್ನುತ್ತಿದ್ದೆವು. ಚಿಕ್ಕಮ್ಮ ಮಾವನ ಮುಖ ಹುಡುಕಿದಳು. “ಏನಾಗ್ತೈತಣ್ಣ?”

“ಗೊತ್ತಿಲ್ಲವ್ವ. ನಾನಿಲ್ಲೇ ಕೂತಿರ್ತೀನಿ.”

ಅವಳು ನಿರಾಳವಾಗಿ ಕಣ್ಣು ಮುಚ್ಚಿದಳು.

ಮಾವ ಚಪ್ಪಲಿ ಬಿಟ್ಟು ಬೆಂಚಿನ ಮೇಲೆ ಕೂತ. ಊಟಕ್ಕೆ ಕರೆದರೂ ಏಳಲಿಲ್ಲ. ಡಾಕ್ಟರು ಹೊರಬಂದು ಚೆನ್ನಾಗಾಯಿತು ಎಂದಾಗ ನಾವೆಲ್ಲ ಕೈಮುಗಿದು ನಿಂತೆವು. ಮಾವ ಏಳಲು ಹೋದ. ಮತ್ತೆ ಕೂತು, ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು, ಬಿಕ್ಕಿ ಬಿಕ್ಕಿ ಅಳತೊಡಗಿದ.

ಅಪ್ಪ ಅವನ ಮುಂದೆ ಕುಕ್ಕರಗಾಲಲ್ಲಿ ಕೂತ. ಬೆಂಚಿನಡಿಗೆ ಹೋಗಿದ್ದ ಚಪ್ಪಲಿಗಳನ್ನು ಎಳೆದು, ಒಂದೊಂದಾಗಿ ಅವನ ಕಾಲಿಗೆ ಸಿಕ್ಕಿಸಿ, ತೋಳು ಹಿಡಿದ.

“ಏಳ್ರಿ ಭಾವ. ಬೆಳಗ್ಗಿಂದ ಏನೂ ತಿಂದಿಲ್ಲ ನೀವು.”