ಮಾವ ಬರೆದ ಹಲ್ಲು

ನಮ್ಮ ವಂಶದಲ್ಲಿ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಿದವರು ಒಬ್ಬರೇ, ನನ್ನ ಸೋದರಮಾವ. ಅದೂ ಎಪ್ಪತ್ತು ದಾಟಿದ ಮೇಲೆ! ಕಳ್ಳತನವೇ? ಅಲ್ಲ. ಹೊಡೆದಾಟವೇ? ಮಾವನ ಮೈಕಟ್ಟು ಕಂಡವರು ಆ ಮಾತು ಆಡುವುದಿಲ್ಲ. ಚಳ್ಳಕೆರೆಯಲ್ಲಿ ಆಗಷ್ಟೇ ಬಣ್ಣ ಕಂಡಿದ್ದ ಒಂದು ಕಾಂಪ್ಲೆಕ್ಸಿನ ಗೋಡೆಯ ಮೇಲೆ ಹಾಡಹಗಲೇ ಆಳೆತ್ತರದ ಹಲ್ಲೊಂದನ್ನು ಬರೆದಿದ್ದರು. ಅದೇ ಅವರ ಮೇಲಿನ ದೂರು.

ಹಲ್ಲು ಯಾಕೆ ಅನ್ನುವುದಕ್ಕೆ ಮುಂಚೆ ಮಾವ ಯಾರು ಅಂತ ಹೇಳಿಬಿಡುತ್ತೇನೆ. ಮೊಳಕಾಲ್ಮೂರಿನ ಮಗ್ಗದ ಮನೆಯಲ್ಲಿ ಹುಟ್ಟಿ, ಸೀರೆ ನೇಯುವುದು ಬಿಟ್ಟು ಸೀರೆ ಅಂಗಡಿಯ ಬೋರ್ಡು ಬರೆಯಲು ಹೋದ ಪುಣ್ಯಾತ್ಮರು. ತಾತ ಬೈದರೆ, ಸೀರೆ ಒಬ್ಬಳು ಉಡುತ್ತಾಳೆ, ಬೋರ್ಡನ್ನು ಊರೇ ನೋಡುತ್ತದೆ ಅಂತ ವಾದ ಮಾಡಿದರಂತೆ. ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲುಗಳಿದ್ದವು, ಮಿಲ್ಲುಗಳಿಗೆ ಉದ್ದುದ್ದ ಗೋಡೆಗಳಿದ್ದವು. ಮೊಳಕಾಲ್ಮೂರಿನವರೇ, ನಮ್ಮ ಹಾಗೆ ಮನೆಯಲ್ಲಿ ತೆಲುಗಾಡುವವರೇ ಆದ ಅತ್ತೆಯನ್ನು ಮದುವೆಯಾಗಿ, ಆ ಗೋಡೆಗಳನ್ನು ನಂಬಿಕೊಂಡು ಚಳ್ಳಕೆರೆಗೆ ಬಂದು ಸಂಸಾರ ಹೂಡಿದರು.

ಆ ಕಾಲದಲ್ಲಿ ಯಾವ ವಸ್ತು ಮಾರಾಟವಾಗಬೇಕಾದರೂ ಯಾರೋ ಒಬ್ಬರು ಕೂತು ಅದನ್ನು ಕೈಯಲ್ಲಿ ಬರೆಯಲೇಬೇಕಿತ್ತು. ಎಣ್ಣೆ ಡಬ್ಬಿ, ಬೀಡಿ ಕಟ್ಟು, ಹಲ್ಲುಪುಡಿ, ಸಿನಿಮಾ ಶುರುವಾಗುವ ಮುಂಚೆ ಪರದೆಯ ಮೇಲೆ ಬೀಳುವ ಗಾಜಿನ ಸ್ಲೈಡು, ರೇಷ್ಮೆ ಸೀರೆಯ ಪೆಟ್ಟಿಗೆ ಮೇಲಿನ ನವಿಲು, ಎಲ್ಲವೂ ಯಾರದೋ ಕೈಯಿಂದಲೇ ಬರಬೇಕು. ದೂರದ ಕಂಪನಿಗಳು ಅಂಗೈ ಅಗಲದ ನಮೂನೆ ಕಳಿಸುತ್ತಿದ್ದವು. ಮಾವ ಅದರ ಮೇಲೆ ಚೌಕಗಳನ್ನು ಎಳೆದು, ಗೋಡೆಯ ಮೇಲೂ ಎಳೆದು, ಚೌಕಕ್ಕೆ ಚೌಕ ದೊಡ್ಡದು ಮಾಡುತ್ತಿದ್ದರು. ಹಾಗೆ ಮಾಡುವಾಗ ತಮ್ಮ ಕಡೆಯಿಂದಲೂ ಒಂದಿಷ್ಟು ಸೇರಿಸುತ್ತಿದ್ದರು, ಅದೇ ತೊಂದರೆ! ನಮೂನೆಯಲ್ಲಿ ಬೆಳ್ಳಗೆ ತೆಳ್ಳಗೆ ಇದ್ದ ಸೋಪಿನ ಹುಡುಗಿ ಬಿ.ಜಿ. ಕೆರೆ ಎಂಬ ಹಳ್ಳಿಯ ಗೋಡೆಗೆ ಬರುವಷ್ಟರಲ್ಲಿ ಮೂಗುಬೊಟ್ಟು, ಕಾಸಗಲ ಕುಂಕುಮ, ಮಾರುದ್ದ ಕನಕಾಂಬರ ಏರಿಸಿಕೊಂಡು, ಈಗಷ್ಟೇ ಕಳೆ ಕಿತ್ತು ಬಂದವಳ ಹಾಗೆ ನಿಂತಿದ್ದಳು. ತಪಾಸಣೆಗೆ ಬಂದ ಕಂಪನಿಯವನು ತಲೆ ಚಚ್ಚಿಕೊಂಡ.

"ನಿಮ್ಮ ಹುಡುಗಿ ಇಲ್ಲಿ ಯಾರಿಗೂ ಗುರ್ತಿಲ್ಲ ಸ್ವಾಮಿ," ಅಂದರಂತೆ ಮಾವ. "ಗುರ್ತಿಲ್ಲದೋಳ ಮಾತು ಕೇಳಿ ಯಾರು ಸೋಪು ತಗಂತಾರೆ?"

ಸೋಪು ಚೆನ್ನಾಗಿಯೇ ಖರ್ಚಾಯಿತಂತೆ. ಇದು ಮಾವನೇ ಹೇಳಿದ್ದು, ಆದ್ದರಿಂದ ಅರ್ಧ ನಂಬಿ.

ಕುರಿಯ ಪ್ರಸಂಗವನ್ನಂತೂ ನಾನು ಕಣ್ಣಾರೆ ಕಂಡಿದ್ದೇನೆ. ಮಿಲ್ಲಿನ ಗೋಡೆಯ ಮೇಲೆ ಮಾವ ಹಚ್ಚಹಸುರಾದ ಶೇಂಗಾ ಗಿಡ ಬರೆದಿದ್ದರು. ದೇವಸಮುದ್ರದ ಕಡೆಯಿಂದ ಬಂದ ಹಿಂಡಿನಲ್ಲಿದ್ದ ಒಂದು ಕುರಿ ನೇರ ಹೋಗಿ ಆ ಗಿಡವನ್ನು ನೆಕ್ಕತೊಡಗಿತು. ಮಾವನಿಗೆ ಜನ್ಮ ಸಾರ್ಥಕ! ಆ ವರ್ಷವೆಲ್ಲ ಸಿಕ್ಕಸಿಕ್ಕವರಿಗೆ ಅದನ್ನೇ ಹೇಳಿದರು. ಕುರಿ ಉಪ್ಪಿನಂಶ ಇರುವ ಯಾವ ಗೋಡೆಯನ್ನಾದರೂ ನೆಕ್ಕುತ್ತದೆ, ಚಿತ್ರ ಇಲ್ಲದಿದ್ದರೂ ನೆಕ್ಕುತ್ತದೆ ಎಂದು ಕುರಿ ಕಾಯುವವನು ತಿಳಿಸಿ ಹೇಳಿದ ಮೇಲೆ, ಮಾವ ಅವನ ಜೊತೆ ಮಾತು ಬಿಟ್ಟರು. ಕುರಿಯ ಮೇಲಿನ ವಿಶ್ವಾಸ ಮಾತ್ರ ಹಾಗೇ ಉಳಿಯಿತು.

ಆದರೆ ಮಾವನ ಚಿತ್ರಗಳನ್ನು ನಿಜವಾಗಿ ಬಳಸಿದವರು ಕುರಿಯೂ ಅಲ್ಲ, ಕಂಪನಿಯೂ ಅಲ್ಲ, ನಮ್ಮತ್ತೆ. ಅತ್ತೆ ಶಾಲೆಯ ಮುಖ ನೋಡಿದವರಲ್ಲ. ಹೊಸ ಊರಲ್ಲಿ ಅವರಿಗೆ ದಾರಿ ಹೇಳಿಕೊಟ್ಟದ್ದು ಗಂಡ ಬರೆದ ಬೋರ್ಡುಗಳೇ. ಕನ್ನಡಕದಂಗಡಿಗೆ ಕಣ್ಣು, ಹಲ್ಲಿನ ಡಾಕ್ಟರಿಗೆ ಹಲ್ಲು, ಕೋಳಿ ಅಂಗಡಿಗೆ ಕೋಳಿ. ಮನೆಗೆ ಬರುವ ನೆಂಟರಿಗೆಲ್ಲ ಅತ್ತೆ ಹೇಳುತ್ತಿದ್ದದ್ದು ಒಂದೇ ವಿಳಾಸ: "ಬಸ್‌ಸ್ಟ್ಯಾಂಡಿಂದ ಕಣ್ಣು ದಾಟ್ಕಂಡು ಬರ್ರಿ, ಹಲ್ಲಿನ ಹತ್ರ ಎಡಕ್ಕೆ ತಿರುಗ್ರಿ, ಕೋಳಿ ಎದುರಿಗೇ ನಮ್ಮನೆ." ಮೊದಲ ಸಲ ಕೇಳಿದವರು ಎಲ್ಲೋ ದೊಡ್ಡ ಅಪಘಾತವಾಗಿದೆ ಎಂದೇ ತಿಳಿಯುತ್ತಿದ್ದರು.

ಆಮೇಲೆ ಫ್ಲೆಕ್ಸ್ ಬಂತು. ಬಂದದ್ದೇ ತಡ, ಮಾವನ ಬೋರ್ಡುಗಳು ಒಂದೊಂದಾಗಿ ಕೆಳಗಿಳಿದವು. ಹಲ್ಲಿನ ಡಾಕ್ಟರ ಫ್ಲೆಕ್ಸಿನಲ್ಲಿ ಯಾವುದೋ ದೇಶದ ಗಂಡ ಹೆಂಡತಿ ಮಕ್ಕಳು ಬಾಯ್ತುಂಬ ನಗುತ್ತಿದ್ದರು. ಅದೇ ಕುಟುಂಬ ಮುಂದಿನ ವಾರ ಮೊಳಕಾಲ್ಮೂರಿನ ಇನ್ನೊಂದು ಫ್ಲೆಕ್ಸಿನಲ್ಲಿ ಸೈಟು ಕೊಂಡು ನಗುತ್ತಿತ್ತು! ಮಾವ ನಗಲಿಲ್ಲ. ಕುಂಚಗಳು ಡಬ್ಬಿಯಲ್ಲೇ ಒಣಗಿ ಕಡ್ಡಿಯಾದವು. ಅವರು ಜಗಲಿಯ ಮೇಲೆ ಕೂತು ಎದುರಿನ ಖಾಲಿ ಗೋಡೆಯನ್ನು ನೋಡುತ್ತಿದ್ದರು. ಊಟಕ್ಕೆ ಕರೆದರೂ ಒಮ್ಮೊಮ್ಮೆ ಕೇಳಿಸುತ್ತಿರಲಿಲ್ಲ. ಆ ದಿನಗಳಲ್ಲಿ ಅವರ ಮನೆಗೆ ಹೋಗಿ ಬರುವುದೆಂದರೆ ನನಗೆ ಸಂಕಟವಾಗುತ್ತಿತ್ತು.

ಹಲ್ಲಿನ ಡಾಕ್ಟರು ಬೇರೆ ಬೀದಿಗೆ ಹೋದರು, ತಿರುವಿನಲ್ಲಿದ್ದ ಅವರ ಹಳೇ ಕಟ್ಟಡ ಕೆಡವಿ ಕಾಂಪ್ಲೆಕ್ಸ್ ಎದ್ದಿತು. ಹೂವು ತರಲು ಹೋದ ಅತ್ತೆ ಒಂದು ದಿನ ಮನೆಗೆ ಬರಲಿಲ್ಲ. ಹುಡುಕಿ ಹುಡುಕಿ, ಕೊನೆಗೆ ಊರಾಚೆ ಬಳ್ಳಾರಿ ರಸ್ತೆಯ ಬದಿಯ ಹೊಂಗೆ ಮರದಡಿ ಸಿಕ್ಕರು. ಚೀಲ ತೊಡೆಯ ಮೇಲಿಟ್ಟುಕೊಂಡು, ಬಸ್ಸಿಗೆ ಕಾಯುವವರ ಹಾಗೆ ಕೂತಿದ್ದರು. ಯಾರನ್ನೂ ದಾರಿ ಕೇಳಿರಲಿಲ್ಲ.

"ತಿರುವಿನಾಗಿದ್ದ ಹಲ್ಲು ಕಿತ್ತಾಕಿದ್ರೆ ಅವ್ಳು ಎಲ್ಲಿ ತಿರುಗ್ಬೇಕಲೇ?" ಅಂತ ಮಾವ ನನ್ನ ಮೇಲೆ ರೇಗಿದರು. ಹಲ್ಲಿನದಲ್ಲ ತಪ್ಪು ಅಂತ ನನಗೆ ಗೊತ್ತಿತ್ತು. ಅತ್ತೆ ಸಾರಿಗೆ ಉಪ್ಪು ಹಾಕಿ, ಮರೆತು ಮತ್ತೆ ಹಾಕುತ್ತಿದ್ದರು. ತೀರಿಕೊಂಡು ಎಷ್ಟೋ ವರ್ಷವಾದ ನನ್ನ ಅವ್ವನ ಊಟವಾಯಿತೇ ಅಂತ ನನ್ನನ್ನೇ ಕೇಳುತ್ತಿದ್ದರು. ಚಿತ್ರದುರ್ಗದ ಡಾಕ್ಟರಿಗೆ ತೋರಿಸಿದೆವು. ಇದು ಮರೆವಿನ ಕಾಯಿಲೆ, ಹೆಚ್ಚುತ್ತಲೇ ಹೋಗುತ್ತದೆ ಎಂದು ಅವರು ಮೆತ್ತಗೆ ಹೇಳಿದರು. ಮಾವ ಎಲ್ಲ ಕೇಳಿಸಿಕೊಂಡು ಹೊರಗೆ ಬಂದು, ಒಮ್ಮೆ ತಲೆಯೆತ್ತಿ ಡಾಕ್ಟರ ಬೋರ್ಡು ನೋಡಿ, "ಇವನದೂ ಫ್ಲೆಕ್ಸೇ," ಅಂದರು. ಅಷ್ಟೇ.

ಮಾರನೆಯ ದಿನವೇ ಕುಂಚಗಳನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿದರು. ಊರು ಮೊದಲಿನ ಹಾಗಾದರೆ ಹೆಂಡತಿಯೂ ಮೊದಲಿನ ಹಾಗಾಗುತ್ತಾಳೆ, ಇದು ಅವರ ಲೆಕ್ಕ! ಕನ್ನಡಕದಂಗಡಿ ಮುಚ್ಚಿ ಮೊಬೈಲ್ ಅಂಗಡಿಯಾಗಿದ್ದರೂ ಅದರ ಪಕ್ಕದ ಮೋಟುಗೋಡೆಗೆ ಕಣ್ಣು ಬಂತು. ಮನೆಯೆದುರಿನ ಕಾಂಪೌಂಡಿಗೆ ಕೋಳಿ ಬಂತು. ತಿರುವಿನ ಹೊಸ ಕಾಂಪ್ಲೆಕ್ಸಿಗೆ ಹಲ್ಲು ಬಂತು. ಕೆಲವರು ಬೈದರು, ಕೆಲವರು ಮುದುಕನ ಹುಚ್ಚು ಅಂತ ನಕ್ಕು ಬಿಟ್ಟರು. ಕಾಂಪ್ಲೆಕ್ಸಿನ ಯಜಮಾನರು ಮಾತ್ರ ದೂರು ಕೊಟ್ಟರು.

ಸುದ್ದಿ ತಿಳಿದು ನಾನು ಮೊಳಕಾಲ್ಮೂರಿನಿಂದ ಓಡಿ ಬರುವಷ್ಟರಲ್ಲಿ, ಮಾವ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಟೀ ಕುಡಿಯುತ್ತಿದ್ದರು. ಅಲ್ಲೀಗ ಹಲ್ಲಿನ ಡಾಕ್ಟರೇ ಇಲ್ಲವಲ್ಲ, ಹಲ್ಲು ಯಾಕೆ ಅಂತ ಎಸ್ಸೈ ಕೇಳಿದ್ದರಂತೆ.

"ಅದು ಡಾಕ್ಟರಿಗಲ್ಲ ಸಾರ್," ಅಂದಿದ್ದರು ಮಾವ. "ನಮ್ಮನೆಯೋಳು ತಿರುಗೋಕೆ."

ನಾನು ಎಸ್ಸೈಯನ್ನು ಪಕ್ಕಕ್ಕೆ ಕರೆದು ಅತ್ತೆಯ ವಿಷಯ ಹೇಳಿದೆ. ಅವರು ಯಜಮಾನರಿಗೆ ಹೇಳಿದರು. ಯಜಮಾನರು ದೂರು ವಾಪಸು ತೆಗೆದುಕೊಂಡು, ಹಲ್ಲು ಇರಲಿ ಬಿಡಿ ಎಂದರು.

ಮುಂದಿನ ವಾರ ಪರೀಕ್ಷೆ. ಬೇಡ ಅಂದರೂ ಕೇಳದೆ ಮಾವ ಅತ್ತೆಯನ್ನು ಒಬ್ಬರನ್ನೇ ಹೂವಿಗೆ ಕಳಿಸಿದರು. ತಾವು ತಿರುವಿನಲ್ಲಿ ಏಣಿ ಹಾಕಿಕೊಂಡು ಹಲ್ಲಿನ ಬೇರು ತಿದ್ದುವ ನೆಪದಲ್ಲಿ ನಿಂತರು. ನಾನು ಏಣಿ ಹಿಡಿದಿದ್ದೆ. ಎಷ್ಟೋ ಹೊತ್ತಾದ ಮೇಲೆ ಅತ್ತೆ ದೂರದಲ್ಲಿ ಕಾಣಿಸಿದರು. ಕಣ್ಣಿನ ಚಿತ್ರ ದಾಟಿ ಬಂದರು. ಸೀದಾ ನಮ್ಮ ಕಡೆಗೇ ಬಂದರು. ಮಾವನ ಮುಖ ಹಾಗೆ ಅರಳಿದ್ದನ್ನು ಎಷ್ಟೋ ವರ್ಷದಿಂದ ನಾನು ನೋಡಿರಲಿಲ್ಲ.

ಅತ್ತೆ ಹಲ್ಲಿನ ಮುಂದೆ ನಿಂತರು. ಅದನ್ನೇ ನೋಡಿದರು. ಆಮೇಲೆ ಏಣಿಯ ಮೇಲಿದ್ದ ಮಾವನನ್ನು ನೋಡಿ ಕನ್ನಡದಲ್ಲಿ ಮಾತಾಡಿದರು. ಮದುವೆಯಾದಾಗಿನಿಂದ ಅವರಿಬ್ಬರ ನಡುವೆ ತೆಲುಗು ಬಿಟ್ಟು ಬೇರೆ ಮಾತು ಇರಲೇ ಇಲ್ಲ. ಅತ್ತೆಗೆ ಕನ್ನಡ ಏನಿದ್ದರೂ ಹೊರಗಿನವರ ಜೊತೆಗೆ.

"ಏನ್ರೀ, ಇಲ್ಲಿ ಬೋರ್ಡು ಬರೆಯೋ ಪೇಂಟರ್ ಮನೆ ಎಲ್ಲೈತ್ರಿ?"

ಮಾವ ಎಲ್ಲಿ ಮೇಲಿಂದ ಬೀಳುತ್ತಾರೋ ಅಂತ ಹೆದರಿದೆ. ಅವರು ಬೀಳಲಿಲ್ಲ. ಕುಂಚವನ್ನು ಡಬ್ಬಿಗೆ ಹಾಕಿ ನಿಧಾನವಾಗಿ ಇಳಿದು ಬಂದರು, ಲುಂಗಿಗೆ ಕೈ ಒರೆಸಿಕೊಂಡರು, ಅತ್ತೆಯ ಕೈಯಿಂದ ಹೂವಿನ ಚೀಲ ತೆಗೆದುಕೊಂಡರು. ಅವರೂ ಕನ್ನಡದಲ್ಲೇ ಹೇಳಿದರು: "ಬರ್ರಿ ಅಮ್ಮ. ನಾನೂ ಆ ಕಡೀಗೇ ಹೊಂಟೀನಿ."

ಇಬ್ಬರೂ ಎಡಕ್ಕೆ ತಿರುಗಿದರು. ನಾನು ಏಣಿ ಹೊತ್ತುಕೊಂಡು ಹಿಂದೆ ಹೋದೆ. ಸ್ವಲ್ಪ ದೂರ ಹೋದ ಮೇಲೆ ಅತ್ತೆ ಗಂಡನ ಮೇಲೆ ದೂರು ಹೇಳಿದರು. "ನಮ್ಮವ್ರು ಮನ್ಯಾಗೇ ಇರಲ್ಲ ಕಣ್ರಿ. ಯಾವಾಗ್ಲೂ ಯಾವುದಾದ್ರೂ ಗೋಡೆ ಮುಂದೆ ಇರ್ತಾರೆ."

"ಇನ್ಮೇಲೆ ಇರ್ತಾರೆ ಬರ್ರಿ," ಅಂದರು ಮಾವ.